ಸುಮ್ಮನಿರುವ ಪ್ರತಿಗಳಿಗೂ ಕೆಲಸವಿದೆ

 ಪೇಟೆಯ ಈರುಳ್ಳಿಯೊಂದನ್ನು ನೀರಿನ ಲೋಟದ ಬಾಯಿಗೆ ಕೂರಿಸಿಟ್ಟರೆ ಕೆಲವೇ ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಅದರ ತುದಿಗೆ ಅಸಿಟೋಕಾರ್ಮಿನ್ ಬಣ್ಣ ಹಚ್ಚಿ, ಗಾಜಿನಡಿ ಒತ್ತಿ ಕೋಶ ವಿಭಜನೆ ನೋಡುವುದು ಕಾಲೇಜಿನ ಹಳೆಯ ಪ್ರಯೋಗ. ಎಲ್ಲರ ಕಣ್ಣೂ 16 ಕ್ರೋಮೋಸೋಮುಗಳ ಮೇಲೆಯೇ. ಕೋಶಕೇಂದ್ರದೊಳಗಿನ ದುಂಡಗಿನ ನ್ಯೂಕ್ಲಿಯೋಲಸ್ ವಿಭಜನೆ ಶುರುವಾದೊಡನೆ ಕರಗಿ, ಮರಿ ಕೇಂದ್ರಗಳೆರಡರಲ್ಲೂ ಮತ್ತೆ ಮೂಡುವುದನ್ನು ಗಮನಿಸುವವರು ಕಡಿಮೆ. ಅದು ಮೂಡುವುದು ಗೊತ್ತಾದ ಕ್ರೋಮೋಸೋಮುಗಳ ಗೊತ್ತಾದ ಜಾಗದಲ್ಲೇ ಎಂದು 1931ರಲ್ಲಿ ಎಮಿಲ್ ಹೈಟ್ಜ್ ತೋರಿಸಿದರು. 1934ರಲ್ಲಿ ಬಾರ್ಬರಾ ಮ್ಯಾಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಆ ಜಾಗವನ್ನು ಆರನೆಯ ಕ್ರೋಮೋಸೋಮಿನ ಮೇಲೆ ಗುರುತಿಸಿದರು. ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ಜೀನುಗಳು ಸಾಲುಸಾಲಾಗಿ ಇರುವುದು ಅಲ್ಲಿ.

ಸಸ್ಯಗಳಲ್ಲಿ ಈ ಜೀನಿನ ಪ್ರತಿಗಳು ಕೋಶವೊಂದಕ್ಕೆ ಸುಮಾರು 500ರಿಂದ 40,000ದವರೆಗೂ ಇರುತ್ತವೆ. ಅವುಗಳಲ್ಲಿ ಬಹುಪಾಲು ಬಾಯಿಮುಚ್ಚಿಕೊಂಡಿರುತ್ತವೆ. ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಎಲೆ ಬೆಳೆದಂತೆ ಎರಡನೆಯ ಕ್ರೋಮೋಸೋಮಿನ ಸಾಲು ಸ್ತಬ್ಧವಾಗಿ, ನಾಲ್ಕನೆಯದರ ಸಾಲೇ ದುಡಿಯುತ್ತದೆ. ಹಾಗಿದ್ದೂ ವಿಭಜನೆಗೆ ಮುಂಚೆ ಕೋಶ ಒಂದನ್ನೂ ಬಿಡದೆ ನಕಲು ಮಾಡುತ್ತದೆ. ಇದನ್ನು ವ್ಯರ್ಥ ಶ್ರಮವೆಂದು ನಾನು ಒಪ್ಪುವುದಿಲ್ಲ. ನಕಲು ಮಾಡುವ ಯಂತ್ರವೂ ಆರ್‌ಎನ್‌ಎ ಬರೆಯುವ ಯಂತ್ರವೂ ಓಡುವುದು ಒಂದೇ ಡಿಎನ್‌ಎ ಎಳೆಯ ಮೇಲೆ. ಎದುರುಬದುರಾದರೆ ಎಳೆ ತುಂಡಾಗುವ ಅಪಾಯ. ಬಟಾಣಿಯಲ್ಲಿ ಈ ಜೀನಿನ ಕೊನೆಗೊಂದು ತಡೆಯಿದ್ದು, ಎದುರಿನಿಂದ ಬರುವ ನಕಲು ಯಂತ್ರ ಅಲ್ಲೇ ನಿಲ್ಲುತ್ತದೆ. ಇಷ್ಟೊಂದು ಎಚ್ಚರಿಕೆ ಬೇಕಾದ ಕಡೆ, ಬರವಣಿಗೆ ನಡೆಯದ ಖಾಲಿ ಪ್ರತಿಗಳೇ ನಕಲಿಗೂ ದುರಸ್ತಿಗೂ ಸುರಕ್ಷಿತ ನೆಲೆ ಎಂಬುದು ನನ್ನ ವಾದ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಹೊಸ ಡಿಎನ್‌ಎಗೆ ಹಿಸ್ಟೋನ್ ಎಂಬ ಪ್ರೋಟೀನು ಜೋಡಿಸುವ ವ್ಯವಸ್ಥೆ ಕೆಟ್ಟ ಅರಾಬಿಡಾಪ್ಸಿಸ್‌ನಲ್ಲಿ ಈ ಪ್ರತಿಗಳು ಪೀಳಿಗೆಯಿಂದ ಪೀಳಿಗೆಗೆ ಕರಗಿ, ಐದರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುತ್ತವೆ. ಆ ವ್ಯವಸ್ಥೆಯ ಜೀನನ್ನು ಮರಳಿ ಕೊಟ್ಟರೆ, ಕಳೆದುಹೋದ ಪ್ರತಿಗಳು ಹಿಂದಿರುಗದಿದ್ದರೂ ಗಿಡ ಚೆನ್ನಾಗಿಯೇ ಬೆಳೆಯಬಲ್ಲದು. ಅಂದಮೇಲೆ ಆ ಹೆಚ್ಚುವರಿ ಪ್ರತಿಗಳು ಯಾತಕ್ಕೆ? ಆದರೆ ರೈಬೋಸೋಮ್ ಕಟ್ಟಲು ಅಷ್ಟು ಬೇಡ ಎಂಬುದು ಇದರಿಂದ ಸಿದ್ಧವಾಗುತ್ತದೆ, ಅಷ್ಟೇ. ಬೇರೆ ಕೆಲಸವಿಲ್ಲ ಎಂಬುದಲ್ಲ. ಪ್ರಯೋಗಾಲಯದ ಹದವಾದ ಬೆಳಕಿನಲ್ಲಿ ಬೆಳೆದ ಗಿಡದ ಡಿಎನ್‌ಎಗೆ ಪೆಟ್ಟು ಬೀಳುವುದೇ ಅಪರೂಪ.

ಆ ಪೆಟ್ಟನ್ನು ಕೊಟ್ಟು ನೋಡಿದ್ದು ಯೀಸ್ಟ್‌ನಲ್ಲಿ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಸುಮಾರು 150 ಪ್ರತಿಗಳನ್ನು ಬಹಳಷ್ಟು ಇಳಿಸಿದಾಗ ಬೆಳವಣಿಗೆಗೇನೂ ಕೊರತೆಯಾಗಲಿಲ್ಲ. ಆದರೆ ಡಿಎನ್‌ಎ ಕೆಡಿಸುವ ರಾಸಾಯನಿಕಕ್ಕೂ ನೇರಳಾತೀತ ಕಿರಣಕ್ಕೂ ಆ ಕೋಶಗಳು ಬೇಗ ಸೋತವು. ಉಳಿದ ಪ್ರತಿಗಳೆಲ್ಲ ಬರವಣಿಗೆಯಲ್ಲಿ ಮುಳುಗಿದ್ದರಿಂದ, ನಕಲಾದ ಜೋಡಿ ಎಳೆಗಳನ್ನು ಒಟ್ಟಿಗೆ ಹಿಡಿದಿಡುವುದೇ ಕಷ್ಟವಾಗಿತ್ತು. ಯೀಸ್ಟ್ ಗಿಡವಲ್ಲ, ನಿಜ. ಆದರೂ ಸಾಲುಜೀನು, ಒಮ್ಮುಖ ತಡೆ, ಸುಮ್ಮನಿರುವ ಪ್ರತಿಗಳು ಎರಡರಲ್ಲೂ ಇವೆ. ಬಿಸಿಲಿಗೆ ಬೆನ್ನು ತಿರುಗಿಸಿ ಓಡಲಾಗದ ಗಿಡಕ್ಕೆ ಈ ಆಸರೆ ಯೀಸ್ಟಿಗಿಂತ ಹೆಚ್ಚೇ ಬೇಕು.