ಗಾಯನ ಕೇಳಲು ಹೋಗುವವರ ಮೇಲೆ ಯಾಕಿಷ್ಟು ಕಾವಲು?

ಪಂಡಿತ ಎಂ. ವೆಂಕಟೇಶ್ ಕುಮಾರ್ ಅವರ ಗಾಯನ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಗದಗಿನಲ್ಲೋ ಇದೆಯೆಂದು ತಿಳಿದರೆ ಸಾಕು, ಬಳ್ಳಾರಿಯ ಪಾರ್ವತಿನಗರದಿಂದ ನಾವು ಏಳೆಂಟು ಮಂದಿ ಹೊರಡುತ್ತೇವೆ. ಹೊಲಿಗೆ ಅಂಗಡಿಯವರು, ನಿವೃತ್ತ ಗುಮಾಸ್ತರು, ಶಾಲಾ ಮಾಸ್ತರರು, ಸಿರುಗುಪ್ಪದಿಂದ ಬಸ್ಸಿಗೆ ಬಂದು ಕೂಡಿಕೊಳ್ಳುವ ಒಬ್ಬ ಭತ್ತದ ವ್ಯಾಪಾರಿ. ನಮ್ಮಲ್ಲಿ ಅರ್ಧದಷ್ಟು ಜನ ಮುಸ್ಲಿಮರು. ಈ ಕೊನೆಯ ವಾಕ್ಯವನ್ನು ಬರೆಯಬೇಕಾಗಿ ಬಂದಿರುವುದೇ ಈ ಲೇಖನಕ್ಕೆ ಕಾರಣ.

ಯಾಕೆಂದರೆ ಹೊರಡುವಾಗ ನಮ್ಮನ್ನು ಒಂದು ಪ್ರಶ್ನೆ ಹಿಡಿದು ನಿಲ್ಲಿಸುತ್ತದೆ, ತಲುಪಿದ ಮೇಲೆ ಇನ್ನೊಂದು. ಮೊದಲನೆಯದು ಮೊಹಲ್ಲಾದ್ದು: “ಮುಸಲ್ಮಾನರಾಗಿ ಗಾನಾ ಬಜಾನಾ ಕೇಳೋಕೆ ಇನ್ನೂರು ಕಿಲೋಮೀಟರ್ ಹೋಗ್ತೀರಲ್ಲ, ನಿಮಗೆ ಆಖಿರತ್‌ನ ಭಯ ಇಲ್ಲವೇ?” ಎರಡನೆಯದು ಸಭಾಂಗಣದ್ದು. ಅದು ಬಹಳ ಸಭ್ಯವಾಗಿ, ನಗುತ್ತಲೇ ಬರುತ್ತದೆ: “ಓ, ನಿಮಗೂ ಶಾಸ್ತ್ರೀಯ ಸಂಗೀತದಲ್ಲಿ ಆಸಕ್ತಿ ಇದೆಯೇ? ನಿಮ್ಮಲ್ಲಿ ಕವ್ವಾಲಿ ಅಲ್ಲವೇ?”

ಮೊದಲನೆಯದಕ್ಕೆ ಮೊದಲು ಉತ್ತರ ಕೊಡೋಣ. ನಾವು ಆಲಿಮರಲ್ಲ, ಫತ್ವಾ ಕೊಡುವುದು ನಮ್ಮ ಕೆಲಸವೂ ಅಲ್ಲ. ವಾದ್ಯಸಂಗೀತ ಸಲ್ಲದು ಎಂದ ದೊಡ್ಡ ವಿದ್ವಾಂಸರು ಇದ್ದಾರೆ. ಅವರ ಮಾತಿಗೆ ಬದ್ಧರಾಗಿ ಸಂಗೀತದಿಂದ ದೂರ ಉಳಿದವರನ್ನು ನಾವು ಗೌರವಿಸುತ್ತೇವೆ. ಆದರೆ ಇಸ್ಲಾಮಿನ ಇತಿಹಾಸದಲ್ಲಿ ಈ ವಿಷಯಕ್ಕೆ ಒಂದೇ ಉತ್ತರವಿತ್ತು ಎಂದು ಹೇಳುವುದು ಸುಳ್ಳು. ಈದ್ ದಿನ ಹಝ್ರತ್ ಆಯಿಶಾ(ರ) ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಅಬೂಬಕರ್(ರ) ಗದರಿದ್ದನ್ನೂ, ಅವರನ್ನು ಅವರಷ್ಟಕ್ಕೆ ಬಿಡಿ ಎಂದು ಪ್ರವಾದಿ(ಸ) ಹೇಳಿದ್ದನ್ನೂ ಬುಖಾರಿಯ ಹದೀಸ್ ಸಂಗ್ರಹದಲ್ಲೇ ಓದಬಹುದು. ಇಮಾಮ್ ಗಝಾಲಿ(ರ) ತಮ್ಮ ‘ಇಹ್ಯಾ ಉಲೂಮುದ್ದೀನ್’ನಲ್ಲಿ ಸಮಾ, ಅಂದರೆ ಗಾಯನ ಶ್ರವಣದ ಶಿಷ್ಟಾಚಾರಗಳಿಗೆಂದೇ ಒಂದು ಇಡೀ ಭಾಗವನ್ನು ಮೀಸಲಿಟ್ಟರು. ದಿಲ್ಲಿಯ ನಿಝಾಮುದ್ದೀನ್ ಔಲಿಯಾರನ್ನು ಸಮಾ ವಿಷಯಕ್ಕಾಗಿಯೇ ಸುಲ್ತಾನ ಘಿಯಾಸುದ್ದೀನ್ ತುಘಲಕನ ದರ್ಬಾರಿಗೆ ಕರೆಸಿ ವಾದ ನಡೆಸಲಾಯಿತು. ಅವರದೇ ಚಿಶ್ತಿ ಪರಂಪರೆಯ ಬಂದೇನವಾಝರು ನಮ್ಮ ಕಲಬುರಗಿಗೆ ಬಂದು ನೆಲೆಸಿ 1422ರಲ್ಲಿ ಇಲ್ಲೇ ಮಣ್ಣಾದರು. ಬಿಜಾಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹೀಂ ಆದಿಲ್‌ಶಾಹನು ‘ಕಿತಾಬ್-ಎ-ನೌರಸ್’ ಎಂಬ ಹಾಡಿನ ಪುಸ್ತಕವನ್ನೇ ಬರೆದ. ಅದರಲ್ಲಿ ಸರಸ್ವತಿಯೂ ಇದ್ದಾಳೆ, ಬಂದೇನವಾಝರೂ ಇದ್ದಾರೆ. ಇವರೆಲ್ಲರ ವಿಷಯದಲ್ಲಿ ಭಿನ್ನಾಭಿಪ್ರಾಯ ಇರಬಹುದು, ಇರಲಿ. ಆದರೆ ಆರು ನೂರು ವರ್ಷಗಳಿಂದ ಈ ನೆಲದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಪಾರ್ವತಿನಗರದ ಚಹಾ ಅಂಗಡಿಯಲ್ಲಿ ಐದು ನಿಮಿಷದಲ್ಲಿ ಮುಗಿಸಿಬಿಡುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?

ಇನ್ನೂ ಒಂದು ಮಾತು. ಮದುವೆ ಮೆರವಣಿಗೆಯಲ್ಲಿ ಡಿಜೆ ಹಾಕಿಸಿ ನೆರೆಮನೆಯ ಹಸುಗೂಸು ಬೆಚ್ಚಿ ಅಳುವಂತೆ ಮಾಡುವವರನ್ನು ಇವರು ತಡೆದಿದ್ದನ್ನು ನಾವು ಕಂಡಿಲ್ಲ. ವರದಕ್ಷಿಣೆ ಎಣಿಸಿಕೊಂಡವನ ಮನೆಯ ದಾವತ್ತಿಗೆ ಇವರೇ ಮೊದಲ ಸಾಲಿನಲ್ಲಿ ಕೂತಿರುತ್ತಾರೆ. ಎರಡು ತಂಬೂರಿಗಳ ನಡುವೆ ಕಣ್ಣು ಮುಚ್ಚಿ ಕೂತು ಹಾಡುವ ಮುದುಕರೊಬ್ಬರನ್ನು ಕೇಳಿ ಬಂದವನ ಬಳಿ ಮಾತ್ರ ಇವರಿಗೆ ದೀನ್ ನೆನಪಾಗುತ್ತದೆ. 2017ರಲ್ಲಿ ಸುಹಾನಾ ಸೈಯದ್ ಎಂಬ ಯುವತಿ ಟಿವಿಯ ಸ್ಪರ್ಧೆಯಲ್ಲಿ ಹಿಜಾಬ್ ಧರಿಸಿ ಹಿಂದೂ ಭಕ್ತಿಗೀತೆ ಹಾಡಿದಾಗ ಆಕೆಯ ಮೇಲೆ ಫೇಸ್‌ಬುಕ್‌ನಲ್ಲಿ ಮುಗಿಬಿದ್ದವರೂ ಇದೇ ಜಾತಿಯ ಧೈರ್ಯಶಾಲಿಗಳು.

ಈಗ ಸಭಾಂಗಣಕ್ಕೆ ಬರೋಣ. ಅಲ್ಲಿಯ ನಿರೂಪಕರು ಗಾಯಕರನ್ನು ಪರಿಚಯಿಸುವಾಗ ಇತ್ತೀಚೆಗೆ ಒಂದು ಮಾತು ಸೇರಿಸುತ್ತಾರೆ: ಪರಕೀಯರ ದಾಳಿಗಳ ನಡುವೆಯೂ ಉಳಿದು ಬಂದ ನಮ್ಮ ಸನಾತನ ಸಂಗೀತ, ಇತ್ಯಾದಿ. ಚಪ್ಪಾಳೆ ಬೀಳುತ್ತದೆ. ಬಳಿಕ ಗಾಯಕರು ಮಿಯಾ ಮಲ್ಹಾರದ ಖಯಾಲ್ ಎತ್ತಿಕೊಳ್ಳುತ್ತಾರೆ. ‘ಖಯಾಲ್’ ಎಂಬ ಪದವೇ ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ಇಲ್ಲಿಗೆ ಬಂದದ್ದು. ರಾಗದ ಹೆಸರಿನಲ್ಲಿರುವ ಮಿಯಾ ಎಂದರೆ ತಾನ್‌ಸೇನ್. ಈಗಲೂ ಹಾಡುವ ಎಷ್ಟೋ ಬಂದಿಶ್‌ಗಳನ್ನು ಕಟ್ಟಿದ ಸದಾರಂಗ ಎಂದರೆ ಮುಹಮ್ಮದ್ ಶಾಹನ ದರ್ಬಾರಿನಲ್ಲಿದ್ದ ನಿಯಾಮತ್ ಖಾನ್. ನಿರೂಪಕರಿಗೆ ಇದು ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಆ ಮಾತು ಆಡಬಹುದಾದ ಕಾಲ ಬಂದಿದೆ, ಅಷ್ಟೆ.

ನಮ್ಮ ಉತ್ತರ ಕರ್ನಾಟಕದ ಮಟ್ಟಿಗಂತೂ ಈ ಮಾತು ಕೃತಘ್ನತೆ. ಕಿರಾಣಾ ಎಂಬುದು ಉತ್ತರ ಪ್ರದೇಶದ ಕೈರಾನಾ ಎಂಬ ಊರು. ಅಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆ ನಿಂತು, ಹುಬ್ಬಳ್ಳಿ-ಧಾರವಾಡಕ್ಕೂ ಮೈಸೂರು ಅರಮನೆಗೂ ಓಡಾಡಿಕೊಂಡು ಹಾಡಿದರು. ಅವರ ಶಿಷ್ಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಇನ್ನು ಮಲ್ಲಿಕಾರ್ಜುನ ಮನ್ಸೂರರನ್ನು ತಿದ್ದಿದವರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭೂರ್ಜಿ ಖಾನ್. ಈ ಹೆಸರುಗಳನ್ನು ಕಿತ್ತು ಹಾಕಿದರೆ ಧಾರವಾಡದ ಸಂಗೀತ ಎಂದು ಹೆಮ್ಮೆಪಡಲು ಏನು ಉಳಿಯುತ್ತದೆ? ನಮ್ಮಲ್ಲಿ ಕವ್ವಾಲಿ ಅಲ್ಲವೇ ಎಂದು ಕೇಳಿದ ಮಹನೀಯರಿಗೆ ನಾವು ಅಂದು ಹೇಳಿದ್ದು ಇಷ್ಟೆ: ಕವ್ವಾಲಿಯೂ ನಮ್ಮದು, ಇದೂ ನಮ್ಮದು, ದಾಸರ ಪದ ನಿಮ್ಮದಷ್ಟೇ ಅಲ್ಲ.

ಹಾಡು ಕೇಳಲು ಊರು ಬಿಟ್ಟು ಹೋಗುವುದು ಹುಚ್ಚು ಎನ್ನುವವರೂ ಇದ್ದಾರೆ. ಅಂಗಡಿಯ ಫೋನೋಗ್ರಾಫಿನಲ್ಲಿ ಕರೀಂ ಖಾನರ ಠುಮ್ರಿಯ ತಟ್ಟೆ ಕೇಳಿ, ಅಂಥ ಗಾಯನ ಕಲಿಯಲೇಬೇಕೆಂದು 1933ರಲ್ಲಿ ಗದಗಿನ ಮನೆ ಬಿಟ್ಟು ರೈಲು ಹತ್ತಿದ ಹನ್ನೊಂದರ ಬ್ರಾಹ್ಮಣ ಹುಡುಗನಿಗೂ ಇದೇ ಹುಚ್ಚು ಹಿಡಿದಿತ್ತು. ಕೈಯಲ್ಲಿ ಕಾಸಿಲ್ಲದೆ ಹಾಡುತ್ತಾ ಹೋದವನಿಗೆ ಗ್ವಾಲಿಯರ್‌ನಲ್ಲಿ ನೆರವಾದವರು ಸರೋದ್ ವಾದಕ ಹಾಫಿಝ್ ಅಲಿ ಖಾನ್. ಆ ಹುಡುಗನೇ ಮುಂದೆ ಭಾರತರತ್ನ ಭೀಮಸೇನ ಜೋಶಿ. ನಮ್ಮ ವೆಂಕಟೇಶ್ ಕುಮಾರರ ಕಥೆಯೂ ಊರು ಬಿಟ್ಟ ಕಥೆಯೇ. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದ ಬಡ ಕಲಾವಿದರ ಮನೆಯ ಹುಡುಗನನ್ನು 1968ರಲ್ಲಿ ಸೋದರಮಾವ, ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದೊಯ್ದು ಪುಟ್ಟರಾಜ ಗವಾಯಿಗಳ ಬಳಿ ಬಿಟ್ಟರು. ಜಾತಿ ಧರ್ಮ ಕೇಳದೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟ ಆಶ್ರಮ ಅದು. ಹುಡುಗ ಹೋದ ದಾರಿಯಲ್ಲೇ ನಾವು ಹಂಪಿ ಎಕ್ಸ್‌ಪ್ರೆಸ್ ಹಿಡಿದು ಹೋಗುತ್ತೇವೆ. ಬಳ್ಳಾರಿಯ ಮಗನ ಹಾಡು ಕೇಳಲು ಬಳ್ಳಾರಿಯವರು ಗದಗು-ಹುಬ್ಬಳ್ಳಿಗೆ ಹೋಗಬೇಕಾಗಿರುವುದು ಬೇರೆಯೇ ಕಥೆ. ಗಣಿಯ ಹಣದಲ್ಲಿ ಏನೆಲ್ಲ ಕಟ್ಟಿದ ಊರಿದು.

ತಲುಪಿದ ಊರುಗಳಲ್ಲಿ ಮುಂದಿನ ಎರಡು ಸಾಲು ಸೋಫಾಗಳು ಗಣ್ಯರಿಗೆ ಮೀಸಲು, ಅವು ಖಾಲಿಯಾಗಿಯೇ ಇರುತ್ತವೆ. ಅದನ್ನು ಸಹಿಸಿಕೊಂಡೇವು. ಸಹಿಸಲಾಗದ್ದು ಇನ್ನೊಂದಿದೆ. ಒಂದು ಊರಿನ ಲಾಡ್ಜಿನಲ್ಲಿ ನಮ್ಮ ಗುರುತಿನ ಚೀಟಿಗಳನ್ನು ನೋಡಿದವನು ಮೂವರಿಗೆ ಕೋಣೆ ಇದೆ ಎಂದ, ನಾಲ್ವರಿಗೆ ಇಲ್ಲ ಎಂದ. ಯಾವ ಮೂವರು, ಯಾವ ನಾಲ್ವರು ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಮೂವರು ತಮ್ಮ ಚೀಟಿಗಳನ್ನು ವಾಪಸ್ ಕೇಳಿ ಪಡೆದರು. ಏಳೂ ಜನ ರೈಲು ನಿಲ್ದಾಣದಲ್ಲಿ ಮಲಗಿದೆವು. ಕರೀಂ ಖಾನರು 1937ರಲ್ಲಿ ಪಾಂಡಿಚೇರಿಯ ಹಾದಿಯಲ್ಲಿ ಕೊನೆಯುಸಿರೆಳೆದದ್ದೂ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲೇ ಎಂದು ಮಾಸ್ತರರು ಆ ರಾತ್ರಿ ನೆನಪಿಸಿದರು. ಅವರ ಗೋರಿ ಮಿರಜಿನ ಮೀರಾಸಾಹೇಬ್ ದರ್ಗಾದ ಆವರಣದಲ್ಲಿದೆ. ಉರೂಸಿನಲ್ಲಿ ಈಗಲೂ ಅವರ ನೆನಪಿಗೆ ಗಾಯಕರು ಬಂದು ಹಾಡುತ್ತಾರೆ, ಎಲ್ಲ ಧರ್ಮದವರೂ ಕೂತು ಕೇಳುತ್ತಾರೆ. ಅಲ್ಲಿ ಯಾರೂ ಚೀಟಿ ಕೇಳುವುದಿಲ್ಲ.

ಎರಡೂ ಕಡೆಯ ಕಾವಲಿನ ಭಾರ ಹೆಚ್ಚು ಬೀಳುವುದು ಹೆಂಗಸರ ಮೇಲೆ. ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ದಿನವೂ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುವಾಗ ಬೀದಿಯವರು ‘ಗಾನೇವಾಲಿ’ ಎಂದು ಹಂಗಿಸುತ್ತಿದ್ದರು. ಅದು ಸುಮಾರು ತೊಂಬತ್ತು ವರ್ಷದ ಹಿಂದಿನ ಮಾತು. ಅಂದು ಹಂಗಿಸಿದವರ ಊರೇ ಆಕೆ 2009ರಲ್ಲಿ ತೀರಿಕೊಂಡಾಗ ಕಣ್ಣೀರು ಹಾಕಿತು. ಆದರೆ ಇಂದಿಗೂ ನಮ್ಮ ಓಣಿಯ ಹೆಣ್ಣುಮಗಳು ಗಾಯನ ಕೇಳಲು ಪರವೂರಿಗೆ ಬರುತ್ತೇನೆಂದರೆ ಮನೆಯಲ್ಲಿ ಮೊದಲು ಬರುವ ಮಾತು “ಜನ ಏನಂತಾರೆ” ಎಂಬುದೇ. ಸಂಘಟಕರಂತೂ ಕಾರ್ಯಕ್ರಮವನ್ನು ರಾತ್ರಿ ಹನ್ನೊಂದರವರೆಗೆ ಎಳೆದು, ಹೆಂಗಸರಿಗೆ ನೆಟ್ಟಗೆ ಒಂದು ಶೌಚಾಲಯವನ್ನೂ ಇಡದೆ, “ಮಹಿಳಾ ಶ್ರೋತೃಗಳೇ ಕಡಿಮೆ” ಎಂದು ವೇದಿಕೆಯಿಂದ ಕೊರಗುತ್ತಾರೆ.

ಬರುವ ಸಲಕ್ಕೆ ಐವರು ಮಹಿಳೆಯರು ಹೆಸರು ಕೊಟ್ಟಿದ್ದಾರೆ. ಇಬ್ಬರ ಮನೆಯಲ್ಲಿ ಒಪ್ಪಿದ್ದಾರೆ, ಮೂವರ ಮನೆಯಲ್ಲಿ ಇನ್ನೂ ಮಾತು ನಡೆದಿದೆ. ಆ ಮೂರರಲ್ಲಿ ಎರಡು ಮುಸ್ಲಿಮರ ಮನೆ, ಒಂದು ಹಿಂದೂಗಳದು. ಮೂರೂ ಮನೆಯ ಯಜಮಾನರು ಹೇಳುತ್ತಿರುವ ಕಾರಣ ಅಕ್ಷರಕ್ಕಕ್ಷರ ಒಂದೇ. ನಾವು ಐದು ಟಿಕೆಟ್ಟುಗಳನ್ನೂ ಕಾದಿರಿಸಿದ್ದೇವೆ.