ಅಂಟು ಎತ್ತಿದ ಕಲ್ಲು

ನಮ್ಮೂರ ಹಣಮಪ್ಪನ ಗುಡಿಯ ಮುಂದೆ ಒಂದು ಗುಂಡುಕಲ್ಲಿದೆ. ಬಾಗಲಕೋಟೆ, ವಿಜಯಪುರದ ಕಡೆ ಹಲವು ಊರುಗಳಲ್ಲಿ ಇಂಥ ಕಲ್ಲುಗಳಿವೆ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಇಡುತ್ತಾರೆ. ನಮ್ಮೂರಿನದನ್ನು ಯಾರೂ ತಕ್ಕಡಿಗೆ ಹಾಕಿಲ್ಲ, ನೂರು ಕಿಲೋದ ಆಸುಪಾಸು ಇರಬೇಕು. ಹುಡುಗನಾಗಿದ್ದಾಗ ಅದು ನನ್ನ ಮೊಣಕಾಲು ದಾಟಿ ಮೇಲೆ ಬಂದದ್ದೇ ಇಲ್ಲ.

ಬೆಂಗಳೂರಿನ ಜಿಮ್ಮೊಂದರಲ್ಲಿ ಎರಡು ವರ್ಷ ಸ್ಟ್ರಾಂಗ್‌ಮನ್ ತಾಲೀಮು ಮಾಡಿ ಊರಿಗೆ ಹೋದಾಗ ಚೀಲದಲ್ಲಿ ಒಂದು ಡಬ್ಬಿ ಟ್ಯಾಕಿ ಇತ್ತು. ಅಂಗೈಯಿಂದ ಮೊಣಕೈವರೆಗೆ ಬಳಿದುಕೊಂಡು ಕಲ್ಲು ತಬ್ಬಿದೆ. ಎದೆಗೆ ಬಂತು, ಹೆಗಲಿಗೂ ಏರಿತು. ಕಟ್ಟೆಯ ಮೇಲಿದ್ದವರು ಸಿಳ್ಳೆ ಹೊಡೆದರು. ಕಾಕಾ ಮಾತ್ರ ಎದ್ದು ಬಂದು, ಕಲ್ಲಿನ ಮೇಲೆ ಅಂಗೈ ಊರಿ, ಅದನ್ನು ಕಿತ್ತು ತೆಗೆದು ನೋಡಿಕೊಂಡರು.

“ಎತ್ತಿದ್ದು ನೀನಲ್ಲೋ ತಮ್ಮಾ, ನಿನ್ನ ಡಬ್ಬಿ ಎತ್ತೇತಿ. ಅದಿರ್ಲಿ, ನಾಳೆ ಹುಡುಗ್ರು ಇದನ್ನ ಹೆಂಗ ಎತ್ತಬೇಕು?”

ಮೊದಲ ಮಾತಿಗೆ ಸಿಟ್ಟು ಬಂತು. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಜಿಮ್ಮಿನಲ್ಲಿ ಮಾಡುವಂತೆ ಎಣ್ಣೆ ಹಚ್ಚಿ ಅಂಟು ಬಿಡಿಸಲು ಹೋದೆ. ಅರ್ಧ ಲೀಟರ್ ಶೇಂಗಾ ಎಣ್ಣೆ ಹೋಯಿತು. ಅಂಟೇನೋ ಬಿಟ್ಟಿತು, ಆದರೆ ಕಲ್ಲು ಎಣ್ಣೆ ಕುಡಿಯಿತು. ಒಲೆಯ ಬೂದಿ ಹಾಕಿ ತಿಕ್ಕಿದೆ, ಮಣ್ಣು ಹಾಕಿ ತಿಕ್ಕಿದೆ. ಆ ಸಲದ ಜಾತ್ರೆಯಲ್ಲಿ ಎಷ್ಟೋ ಹುಡುಗರ ಕೈಯಿಂದ ಅದು ಜಾರಿ ಬಿತ್ತು. ಅವರ ವರ್ಷವಿಡೀ ತಾಲೀಮನ್ನು ನನ್ನ ಒಂದು ಗಳಿಗೆಯ ಸಿಳ್ಳೆ ತಿಂದುಹಾಕಿತ್ತು. ಈ ಲೇಖನದಲ್ಲಿ ನಾನು ಬೈಯುತ್ತಿರುವುದು ಮೊದಲು ನನ್ನನ್ನೇ.

ಟ್ಯಾಕಿ ಎಂದರೇನೆಂದು ಗೊತ್ತಿಲ್ಲದವರಿಗೆ: ಅದು ಮುಖ್ಯವಾಗಿ ಪೈನ್ ಮರದ ರಾಳದಿಂದ ಮಾಡಿದ ಅಂಟು. ಚಳಿಗೆ ಗಟ್ಟಿಯಾಗುತ್ತದೆ, ಬಿಸಿಲಿಗೆ ಇಳಿಯುತ್ತದೆ. ಸ್ಟ್ರಾಂಗ್‌ಮನ್ ಪಂದ್ಯಗಳಲ್ಲಿ ಅಟ್ಲಾಸ್ ಸ್ಟೋನ್ ಎನ್ನುವ ಕಾಂಕ್ರೀಟಿನ ಗುಂಡುಗಳನ್ನು ನೆಲದಿಂದ ತಬ್ಬಿ, ತೊಡೆಯ ಮೇಲಿಟ್ಟು, ಮತ್ತೆ ತಬ್ಬಿ, ಎದೆಯೆತ್ತರದ ಕಟ್ಟೆಯ ಮೇಲೆ ಕೂರಿಸಬೇಕು. ಅಚ್ಚಿನಲ್ಲಿ ಎರಕ ಹೊಯ್ದ ನುಣುಪಾದ ಗೋಳ, ಹಿಡಿಯಲು ಮೂಲೆಯಿಲ್ಲ, ಅಂಚಿಲ್ಲ. ಅದಕ್ಕೇ ಅಂಟು ಬಂತು. 2020ರಲ್ಲಿ ಸ್ಕಾಟ್ಲೆಂಡಿನ ಟಾಮ್ ಸ್ಟೋಲ್ಟ್‌ಮನ್ 286 ಕಿಲೋದ ಗುಂಡನ್ನು ಅಡ್ಡಪಟ್ಟಿಯ ಮೇಲಿಂದ ದಾಟಿಸಿದ್ದು ಇಂಥ ಪಂದ್ಯಗಳ ಲೋಕದಲ್ಲೇ. ಅವನ ಬಲವನ್ನು ಅನುಮಾನಿಸುವ ಹುಚ್ಚು ನನಗಿಲ್ಲ. ಎಲ್ಲರಿಗೂ ಒಂದೇ ಗೋಳ, ಎಲ್ಲರಿಗೂ ಅಂಟು, ನಿಯಮ ಎಲ್ಲರಿಗೂ ಗೊತ್ತು. ಅಲ್ಲಿ ಮೋಸವಿಲ್ಲ.

ನನ್ನ ತಕರಾರು ಎರಡು. ಒಂದು, ಪಂದ್ಯದ ದಿನಕ್ಕೆಂದು ಇದ್ದ ಅಂಟು ದಿನನಿತ್ಯದ ತಾಲೀಮಿಗೆ ಇಳಿದದ್ದು. ಎರಡು, ಕಾಂಕ್ರೀಟಿನ ಗೋಳಕ್ಕೆಂದು ಹುಟ್ಟಿದ್ದು ಊರ ಕಲ್ಲುಗಳ ಮೈಗೆ ಹತ್ತಿದ್ದು.

ತಾಲೀಮಿನ ಮಾತು ಮೊದಲು. ಬರಿಗೈಯಲ್ಲಿ ಗುಂಡು ಎತ್ತಬೇಕಾದರೆ ಬೆರಳುಗಳು ಅದರ ಹೊಟ್ಟೆಯ ಕೆಳಗೆ ಹೋಗಬೇಕು. ಮುಂಗೈ ಒತ್ತಬೇಕು, ಎದೆ ಹಿಂಡಬೇಕು, ತೊಡೆಗಳು ಕವಚಿಕೊಳ್ಳಬೇಕು. ಅಂಟಿದ್ದರೆ ಪಕ್ಕಕ್ಕೆ ಕೈಯಿಟ್ಟರೂ ಸಾಕು, ಮಿಕ್ಕದ್ದನ್ನು ಬೆನ್ನು, ಸೊಂಟ ನೋಡಿಕೊಳ್ಳುತ್ತವೆ. ವಾರವಾರವೂ ಹೀಗೆ ಮಾಡಿದವನ ಬೆನ್ನು ಬೆಳೆಯುತ್ತದೆ, ಕೈ ಹಿಂದೆ ಉಳಿಯುತ್ತದೆ. ಅಂಟಿನಲ್ಲಿ 110 ಕಿಲೋ ಆಡಿಸುತ್ತಿದ್ದ ನನಗೆ ಡಬ್ಬಿ ಖಾಲಿಯಾದ ದಿನ 90 ಕಿಲೋದ ಗುಂಡು ತೊಡೆಗೂ ಬರಲಿಲ್ಲ. ಆ ಇಪ್ಪತ್ತು ಕಿಲೋ ಯಾರದ್ದು? ಗೈಡು ಓದಿ ಪದ್ಯದ ಪ್ರಶ್ನೆಗೆ ಪೂರ್ತಿ ಅಂಕ ತೆಗೆದುಕೊಂಡವರಿಗೆ ಈ ಲೆಕ್ಕ ವಿವರಿಸಬೇಕಿಲ್ಲ.

‘ಅಂಟಿಲ್ಲದಿದ್ದರೆ ಕಲ್ಲು ಜಾರಿ ಕಾಲ ಮೇಲೆ ಬೀಳುತ್ತದೆ’ ಎನ್ನುತ್ತಾರೆ. ಮಳೆಯಲ್ಲಿ ನಡೆಯುವ ಪಂದ್ಯದ ಮಟ್ಟಿಗೆ ಒಪ್ಪುತ್ತೇನೆ. ಜಿಮ್ಮಿನಲ್ಲಿ ಹಾಗಲ್ಲ. ಬರಿಗೈ ಸೋಲುವುದು ಸಾಮಾನ್ಯವಾಗಿ ನೆಲದ ಹತ್ತಿರವೇ. ಬೆರಳು ಬಿಟ್ಟಿತು, ಕಲ್ಲು ಕೂತಿತು, ಅಲ್ಲಿಗೆ ಮುಗಿಯಿತು. ಕೈಗೆ ಮೀರಿದ ತೂಕವನ್ನು ಎದೆಯವರೆಗೆ ಒಯ್ಯುವ ಅವಕಾಶ ಕೊಡುವುದು ಅಂಟು. ಅಲ್ಲಿ ತೋಳು ಬಾಗಿಸಿ ಎಳೆದರೆ ತೋಳಿನ ಸ್ನಾಯು ಹರಿಯುವ ಅಪಾಯವಿದೆ. ಕೈ ‘ಸಾಕು’ ಎಂದು ಹೇಳುವುದನ್ನು ಕೇಳಿಸಿಕೊಳ್ಳುವುದೂ ತಾಲೀಮಿನ ಭಾಗವೇ.

‘ಹಾಗಾದರೆ ಚಾಕ್ ಪುಡಿಯೂ ಬೇಡವೇ? ಗೆರೆ ಎಲ್ಲಿ ಎಳೆಯುತ್ತೀರಿ?’ ಎಂಬುದು ಜಾಣರ ಪ್ರಶ್ನೆ. ಗೆರೆ ಎಳೆಯುವುದು ಕಷ್ಟವೇನಲ್ಲ. ಚಾಕ್ ಬೆವರನ್ನು ಹೀರಿ ಕೈಯನ್ನು ಒಣಗಿಸುತ್ತದೆ. ನಮ್ಮ ಹುಡುಗರು ಅಂಗೈಗೆ ಮಣ್ಣು ಉಜ್ಜಿಕೊಳ್ಳುವುದೂ ಅದಕ್ಕೇ. ಒಣಗಿದ ಮೇಲೂ ಹಿಡಿಯಬೇಕಾದವನು ನೀನೇ. ಟ್ಯಾಕಿ ನಿನ್ನ ಬದಲು ತಾನೇ ಹಿಡಿಯುತ್ತದೆ.

ಈ ಗೆರೆಯನ್ನು ಬೇರೆ ಆಟವೊಂದು ಎಳೆದು ತೋರಿಸಿದೆ. ಸ್ಪೈಡರ್ ಟ್ಯಾಕ್ ಎಂಬ ಅಂಟನ್ನು ಮಾಡಿದ್ದು ಅಟ್ಲಾಸ್ ಸ್ಟೋನ್ ಎತ್ತುವವರಿಗಾಗಿ. ಅದು ಅಮೆರಿಕದ ಬೇಸ್‌ಬಾಲ್ ಪಿಚರ್‌ಗಳ ಬೆರಳಿಗೆ ಹೋಯಿತು. ಚೆಂಡು ಕೈ ಬಿಡುವಾಗ ಇನ್ನಷ್ಟು ಜೋರಾಗಿ ಸುತ್ತತೊಡಗಿತು, ಬ್ಯಾಟ್ ಹಿಡಿದವರಿಗೆ ಹೊಡೆಯುವುದು ಕಷ್ಟವಾಯಿತು. 2021ರ ಜೂನ್ 21ರಿಂದ ಮೇಜರ್ ಲೀಗಿನ ಅಂಪೈರ್‌ಗಳು ಪಿಚರ್‌ಗಳ ಕೈ, ಟೋಪಿ, ಗ್ಲೌಸ್ ತಪಾಸಣೆ ಶುರುಮಾಡಿದರು. ಸಿಕ್ಕಿಬಿದ್ದವರಿಗೆ 10 ಪಂದ್ಯಗಳ ಅಮಾನತು. ಆದರೆ ರಾಳದ ಪುಡಿಯ ಪುಟ್ಟ ಚೀಲ ಮೈದಾನದಲ್ಲೇ ಉಳಿಯಿತು, ಈಗಲೂ ಇದೆ. ಪುಡಿ ಆಗಬಹುದು, ಅಂಟು ಕೂಡದು. ಎರಡರ ಮೂಲವೂ ರಾಳವೇ, ಆದರೂ ಗೆರೆ ನಿಂತಿತು.

ಇನ್ನು ಊರ ಕಲ್ಲುಗಳು. ಐಸ್‌ಲ್ಯಾಂಡಿನ ದ್ಯೂಪಲೋನ್‌ಸಾಂದುರ್ ಕಡಲ ದಂಡೆಯಲ್ಲಿ ನಾಲ್ಕು ಕಲ್ಲುಗಳಿವೆ: 154, 100, 54, 23 ಕಿಲೋ. ದೊಡ್ಡದರ ಹೆಸರಿಗೆ ‘ಪೂರ್ಣ ಬಲದವ’ ಎಂದರ್ಥ. ಚಿಕ್ಕದರದ್ದು ಕೈಲಾಗದವನ ಹೆಸರು. ಮೀನಿನ ದೋಣಿಗೆ ಆಳು ಆರಿಸಲು ಇಟ್ಟ ಪರೀಕ್ಷೆ ಅದು. ಒದ್ದೆ ಹಗ್ಗ, ಹುಟ್ಟು, ಲೋಳೆ ಮೀನು ಹಿಡಿಯಬೇಕಾದ ಕೈ ಅಲ್ಲಿ ಬೇಕಿತ್ತು. ನಡುಗಡಲಲ್ಲಿ ಯಾರೂ ಡಬ್ಬಿ ತೆರೆದು ಕೊಡುವುದಿಲ್ಲ. ಸ್ಕಾಟ್ಲೆಂಡಿನ ಡಿನ್ನಿ ಕಲ್ಲುಗಳು ಎರಡೂ ಸೇರಿ 332 ಕಿಲೋ ಮೀರುತ್ತವೆ, ಕಬ್ಬಿಣದ ಬಳೆಗಳಿವೆ. ಅಲ್ಲಿ ಕೈಗೆ ಪಟ್ಟಿ ಸುತ್ತಿಕೊಂಡು ಎತ್ತಿದ್ದನ್ನೂ ಬರಿಗೈಯಲ್ಲಿ ಎತ್ತಿದ್ದನ್ನೂ ಒಂದೇ ಎಂದು ಎಣಿಸುವುದಿಲ್ಲ. ಪಟ್ಟಿಯವನನ್ನು ಯಾರೂ ಓಡಿಸುವುದಿಲ್ಲ, ಅವನ ಲೆಕ್ಕ ಬೇರೆ ಇಡುತ್ತಾರೆ, ಅಷ್ಟೆ.

ಊರ ಕಲ್ಲಿನ ಬೆಲೆ ಇರುವುದು ಹೋಲಿಕೆಯಲ್ಲಿ. ನಮ್ಮಜ್ಜ ಎತ್ತಿದ್ದು, ಕಾಕಾ ಎತ್ತಿದ್ದು, ಮುಂದೆ ಯಾವನೋ ಹುಡುಗ ಎತ್ತಲಿರುವುದು ಅದೇ ಕಲ್ಲು, ಅದೇ ಮೈ. ಸತ್ತವರ ಬಲದ ಪಕ್ಕ ನಮ್ಮ ಬಲವನ್ನು ಇಟ್ಟು ನೋಡಲು ಬೇರೆ ಸಾಧನ ನಮ್ಮಲ್ಲಿಲ್ಲ. ಅದಕ್ಕೆ ಅಂಟು ಬಳಿಯುವುದೆಂದರೆ ಅಂಗಡಿಯ ತಕ್ಕಡಿಗೆ ಮೇಣ ಮೆತ್ತಿದ ಹಾಗೆ. ಆಮೇಲೆ ಬರುವ ಗಿರಾಕಿಗಳಿಗೆಲ್ಲ ತೂಕ ತಪ್ಪುತ್ತದೆ.

ಆದ್ದರಿಂದ ನಾನು ಕೇಳುವುದಿಷ್ಟು. ಪಂದ್ಯದಲ್ಲಿ ಅಂಟಿಗೆ ಅನುಮತಿ ಇದ್ದರೆ, ಪಂದ್ಯಕ್ಕೆ ಮುಂಚಿನ ಕೆಲವು ವಾರ ಅಭ್ಯಾಸಕ್ಕೆ ಬಳಸಿ. ಉಳಿದ ತಿಂಗಳೆಲ್ಲ ಬರಿಗೈ, ಹೆಚ್ಚೆಂದರೆ ಚಾಕ್. ವಿಡಿಯೋ ಹಾಕುವಾಗ ಕಿಲೋದ ಪಕ್ಕದಲ್ಲಿ ‘ಅಂಟು’ ಎಂದು ಬರೆಯಿರಿ. ಗುಡಿಯ ಮುಂದಿನ, ಗರಡಿಯ, ಕಡಲ ದಂಡೆಯ ಕಲ್ಲುಗಳ ಹತ್ತಿರ ಡಬ್ಬಿ ತೆರೆಯಲೇಬೇಡಿ.

ನಾನೀಗ ಊರಿಗೆ ಹೋದಾಗಲೆಲ್ಲ ಅಂಗೈಗೆ ಮಣ್ಣು ಉಜ್ಜಿಕೊಂಡು ಆ ಕಲ್ಲಿನ ಮುಂದೆ ಬಗ್ಗುತ್ತೇನೆ. ಹೋದ ಸಲ ತೊಡೆಯವರೆಗೆ ಬಂತು. ಕಾಕಾ ಏನೂ ಅನ್ನಲಿಲ್ಲ, ಎಲೆ ಅಡಿಕೆ ಚೀಲ ನನ್ನ ಕಡೆ ಸರಿಸಿದರು.