ಎಲ್ಲ ಕೀಲಿಕೈ ಒಬ್ಬನ ಕೈಯಲ್ಲಿ ಬೇಡ

ಕಳೆದ ಚಳಿಗಾಲದ ಒಂದು ರಾತ್ರಿ ನಮ್ಮೂರ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಡಬ್ಲಿನ್‌ನ ಹೋಟೆಲೊಂದರ ಅಡುಗೆಮನೆಯಲ್ಲಿ ಅವನಿಗೆ ಕೆಲಸ. ನಾಲ್ಕು ತಿಂಗಳಿಂದ ಓವರ್‌ಟೈಮಿನ ಹಣ ಬಂದಿಲ್ಲ. "ಕಾಕ, ಕಂಪ್ಲೇಂಟ್ ಕೊಟ್ರೆ ಪರ್ಮಿಟ್ ಕ್ಯಾನ್ಸಲ್ ಮಾಡಿಸ್ತೇನೆ ಅಂತ ಮಾಲಕ ಹೇಳ್ತಾನೆ. ಅವನಿಗೆ ಮೇಲಿನವರ ಪರಿಚಯ ಉಂಟಂತೆ. ಗವರ್ನ್‌ಮೆಂಟೇ ಅವನ ಕಡೆ ಇದ್ರೆ ಜಡ್ಜ್ ಎಂತ ಮಾಡ್ಲಿಕ್ಕುಂಟು?"

ಅವನನ್ನು ದೂರುವ ಹಾಗಿಲ್ಲ. ನಮ್ಮಲ್ಲಿ ಹೆಚ್ಚಿನವರು ಗಲ್ಫ್ ನೋಡಿ ಬಂದವರು. ಅಲ್ಲಿ ವೀಸಾ ಕಫೀಲನ ಕೈಯಲ್ಲಿ, ಸಂಬಳ ಅವನ ಕೈಯಲ್ಲಿ, ಎಷ್ಟೋ ಸಲ ಪಾಸ್‌ಪೋರ್ಟೂ ಅವನ ಕಪಾಟಿನಲ್ಲಿ. ಎಲ್ಲ ಕೀಲಿಕೈ ಒಬ್ಬನ ಹತ್ತಿರ ಇದ್ದರೆ ಹೇಗಿರ್ತದೆ ಎಂದು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಆ ಹೆದರಿಕೆಯನ್ನು ನಾವು ಬ್ಯಾಗಿನೊಳಗೆ ಹಾಕಿಕೊಂಡೇ ಐರ್ಲೆಂಡಿಗೆ ಬಂದಿಳಿಯುತ್ತೇವೆ.

ಆದರೆ ಇಲ್ಲಿಯ ವ್ಯವಸ್ಥೆ ಬೇರೆ. 1937ರ ಐರಿಷ್ ಸಂವಿಧಾನದ 6ನೇ ವಿಧಿ ಸರಕಾರದ ಅಧಿಕಾರವನ್ನು ಮೂರಾಗಿ ಹೆಸರಿಸುತ್ತದೆ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಕಾನೂನು ಮಾಡುವುದು ಸಂಸತ್ತು. ಅದನ್ನು ನಡೆಸುವುದು ಮಂತ್ರಿಗಳು ಮತ್ತು ಇಲಾಖೆಗಳು. ವಿವಾದ ಬಂದಾಗ ತೀರ್ಪು ಕೊಡುವುದು ನ್ಯಾಯಾಲಯ. ನ್ಯಾಯಾಧೀಶರನ್ನು ಸರಕಾರದ ಸಲಹೆಯಂತೆ ರಾಷ್ಟ್ರಪತಿ ನೇಮಿಸುತ್ತಾರೆ, ನಿಜ. ಆದರೆ ಸುಪ್ರೀಂ ಕೋರ್ಟ್, ಹೈಕೋರ್ಟಿನ ನ್ಯಾಯಾಧೀಶರನ್ನು ತೆಗೆಯಬೇಕಾದರೆ ದುರ್ನಡತೆ ಅಥವಾ ಅಸಾಮರ್ಥ್ಯದ ಕಾರಣ ಹೇಳಿ ಸಂಸತ್ತಿನ ಎರಡೂ ಮನೆಗಳು ನಿರ್ಣಯ ಮಾಡಬೇಕು. ಮಂತ್ರಿಯ ಒಂದು ಫೋನಿಗೆ ಆಗುವ ಕೆಲಸ ಅಲ್ಲ.

ಇದು ನಮಗೆ ಹೊಸ ವಿಷಯವೂ ಅಲ್ಲ. ಭಾರತದ ಸಂವಿಧಾನದ ರಾಜ್ಯ ನಿರ್ದೇಶಕ ತತ್ವಗಳಿಗೆ ಮಾದರಿ ಸಿಕ್ಕಿದ್ದೇ ಐರ್ಲೆಂಡಿನಿಂದ. ಅದೇ ಭಾಗದಲ್ಲಿರುವ ನಮ್ಮ 50ನೇ ವಿಧಿ, ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಇಡಬೇಕು ಎನ್ನುತ್ತದೆ. ಶಾಲೆಯಲ್ಲಿ ಎರಡು ಮಾರ್ಕಿನ ಪ್ರಶ್ನೆ ಎಂದು ಬಾಯಿಪಾಠ ಮಾಡಿದ್ದೆವು. ಅದರ ಬೆಲೆ ಗೊತ್ತಾಗುವುದು ಸಂಬಳ ನಿಂತಾಗ.

ಇಲ್ಲಿ ನಡೆದ ಒಂದು ಕೇಸು ಕೇಳಿ. ಪಾಕಿಸ್ತಾನದ ಒಬ್ಬ ಅಡುಗೆಯವರು 2002ರಲ್ಲಿ ಸಂಬಂಧಿಕನ ರೆಸ್ಟೋರೆಂಟಿನ ಕೆಲಸಕ್ಕೆಂದು ಬಂದರು. ಪರ್ಮಿಟ್ ಅವಧಿ ಮುಗಿಯಿತು, ನವೀಕರಣ ಆಗಲಿಲ್ಲ. ವರ್ಷಗಟ್ಟಲೆ ಕನಿಷ್ಠ ವೇತನವೂ ಇಲ್ಲದೆ ದುಡಿಸಿದರು ಎಂದು ಅವರು ದೂರು ಕೊಟ್ಟರು. 2011ರಲ್ಲಿ ಅವರಿಗೆ ಸುಮಾರು 92 ಸಾವಿರ ಯೂರೊ ಕೊಡಬೇಕೆಂಬ ಆದೇಶವನ್ನು ಲೇಬರ್ ಕೋರ್ಟ್ ಎತ್ತಿಹಿಡಿಯಿತು. ಮಾಲಕ ಹೈಕೋರ್ಟಿಗೆ ಹೋದ.

2012ರ ಆಗಸ್ಟ್ 31ರಂದು ನ್ಯಾಯಮೂರ್ತಿ ಜೆರಾರ್ಡ್ ಹೋಗನ್ ತೀರ್ಪು ಕೊಟ್ಟರು. ಪರ್ಮಿಟ್ ಇಲ್ಲದ ಕೆಲಸವೇ 2003ರ ಕಾನೂನಿನ ಪ್ರಕಾರ ಅಪರಾಧ. ಹಾಗಾಗಿ ಆ ಕೆಲಸದ ಕರಾರೇ ಊರ್ಜಿತವಲ್ಲ, ಅದರ ಮೇಲೆ ಹಣ ಕೇಳಲಿಕ್ಕೆ ಬರುವುದಿಲ್ಲ ಎಂದರು. ಆ ಮನುಷ್ಯ ಹೇಳಿದ್ದು ನಿಜವಾದರೆ ಇದು ಘೋರ ಶೋಷಣೆ ಎಂದೂ ಒಪ್ಪಿಕೊಂಡರು. ಆದರೆ ಸಂಸತ್ತು ಬರೆದ ಕಾನೂನನ್ನು ತಿದ್ದಿ ಬರೆಯುವುದು ನ್ಯಾಯಾಧೀಶನ ಕೆಲಸ ಅಲ್ಲ. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ತೀರ್ಪಿನ ಪ್ರತಿಯನ್ನು ಸಂಸತ್ತಿನ ಎರಡೂ ಮನೆಗಳ ಸಭಾಧ್ಯಕ್ಷರಿಗೆ ಮತ್ತು ಸಂಬಂಧಪಟ್ಟ ಮಂತ್ರಿಗೆ ಕಳಿಸಿದರು. ಕಾನೂನಿನಲ್ಲಿ ತೂತು ಇದೆ, ಮುಚ್ಚಬೇಕಾದವರು ನೀವು ಎಂಬುದೇ ಅದರ ಅರ್ಥ.

2014ರಲ್ಲಿ ಸಂಸತ್ತು ತಿದ್ದುಪಡಿ ತಂದಿತು. ಪರ್ಮಿಟ್ ಪಡೆಯಲು ತನ್ನಿಂದ ಸಾಧ್ಯವಾದ ಕ್ರಮವನ್ನೆಲ್ಲ ತೆಗೆದುಕೊಂಡಿದ್ದ ಕೆಲಸಗಾರ, ಪರ್ಮಿಟ್ ಇಲ್ಲದಿದ್ದರೂ ದುಡಿಮೆಯ ಹಣಕ್ಕಾಗಿ ದಾವೆ ಹೂಡಬಹುದು ಎಂದಾಯಿತು. 2015ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆ ತೀರ್ಪನ್ನೂ ತಳ್ಳಿಹಾಕಿತು.

ಇನ್ನೊಂದು ಕೇಸು ಬರ್ಮಾದವರದ್ದು. 2008ರಲ್ಲಿ ಬಂದು ಆಶ್ರಯ ಕೇಳಿದರು. ಎಂಟು ವರ್ಷ ಸರಕಾರಿ ವಸತಿಯಲ್ಲಿ ಕಳೆದರು. ವಾರಕ್ಕೆ 19 ಯೂರೊ ಭತ್ಯೆ, ಕೆಲಸ ಮಾಡಲಿಕ್ಕೆ ಅನುಮತಿ ಇಲ್ಲ. 2017ರ ಮೇ 30ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ಅರ್ಜಿ ತೀರ್ಮಾನಕ್ಕೆ ಕಾಲಮಿತಿಯೇ ಇಲ್ಲದಿರುವಾಗ ಕೆಲಸಕ್ಕೆ ಇಂಥ ಸಂಪೂರ್ಣ ನಿಷೇಧ ಸಂವಿಧಾನಕ್ಕೆ ವಿರುದ್ಧ. ದುಡಿಮೆ ಮನುಷ್ಯನ ಘನತೆಗೆ ಸೇರಿದ್ದು, ಪೌರನಲ್ಲ ಎಂಬ ಮಾತ್ರಕ್ಕೆ ಅದನ್ನು ಪೂರ್ತಿ ಕಿತ್ತುಕೊಳ್ಳುವ ಹಾಗಿಲ್ಲ. ಆದರೆ ಹೊಸ ನಿಯಮ ಏನಿರಬೇಕು ಎಂದು ನ್ಯಾಯಾಲಯ ತಾನೇ ಬರೆಯಲಿಲ್ಲ. ಅದಕ್ಕೆ ದಾರಿ ಹಲವು ಇವೆ, ಆರಿಸಬೇಕಾದವರು ನೀವು ಎಂದು ಶಾಸಕಾಂಗ, ಕಾರ್ಯಾಂಗಕ್ಕೆ ಆರು ತಿಂಗಳು ಕೊಟ್ಟಿತು. 2018ರ ಫೆಬ್ರವರಿಯಲ್ಲಿ ನಿಷೇಧ ಬಿದ್ದುಹೋಯಿತು. ಆದರೆ ಸರಕಾರದ ಮೊದಲ ವ್ಯವಸ್ಥೆ ವರ್ಷಕ್ಕೆ 30 ಸಾವಿರ ಯೂರೊ ಸಂಬಳದ ಕೆಲಸ ಹುಡುಕಿಕೊಂಡು ಬಾ ಎನ್ನುವಂಥದ್ದು. ಬಾಗಿಲು ತೆರೆದು ಅಡ್ಡ ಕಂಬ ಇಟ್ಟ ಹಾಗೆ. ಟೀಕೆಗಳ ನಡುವೆ ಅದೇ ವರ್ಷದ ಜೂನ್ ಕೊನೆಗೆ ಯುರೋಪಿಯನ್ ಒಕ್ಕೂಟದ ನಿಯಮ ಜಾರಿಗೆ ಬಂತು. ಒಂಬತ್ತು ತಿಂಗಳಾದರೂ ಅರ್ಜಿಗೆ ಮೊದಲ ತೀರ್ಮಾನ ಸಿಗದವರಿಗೆ ಕೆಲಸದ ಹಕ್ಕು ಸಿಕ್ಕಿತು. ಮುಂದೆ ಅದು ಆರು ತಿಂಗಳಿಗೆ ಇಳಿಯಿತು.

ಇಷ್ಟು ಹೇಳಿದರೆ ನಮ್ಮವರು ಕೇಳುತ್ತಾರೆ: "ಇದೆಂಥ ನ್ಯಾಯ ಮಾರಾಯ್ರೆ? ಒಬ್ಬ ಗಟ್ಟಿ ಆಡಳಿತಗಾರ ಇದ್ದಿದ್ರೆ ಒಂದೇ ದಿನದಲ್ಲಿ ಮುಗೀತಿತ್ತು." ತಡ ಆಯಿತು ಎಂಬುದು ಸುಳ್ಳಲ್ಲ. ಒಬ್ಬರ ಜೀವನದ ಎಂಟು ವರ್ಷ ಹೋಯಿತು, ಅದನ್ನು ಯಾವ ಕೋರ್ಟೂ ತಿರುಗಿ ಕೊಡುವುದಿಲ್ಲ. ಆದರೂ ನಾನು ಆ ವಾದ ಒಪ್ಪುವುದಿಲ್ಲ. ಒಂದೇ ದಿನದಲ್ಲಿ ನಮಗೆ ಒಳ್ಳೆಯದು ಮಾಡಬಲ್ಲವನು ಮರುದಿನವೇ ನಮ್ಮನ್ನು ವಿಮಾನ ಹತ್ತಿಸಲೂ ಬಲ್ಲ. ಅವನ ಮನೆ ಬಾಗಿಲಿಗೆ ಹೋಗುವ ದಾರಿ ನಮಗಿಂತ ಮಾಲಕರಿಗೇ ಚೆನ್ನಾಗಿ ಗೊತ್ತಿರ್ತದೆ. ಅಧಿಕಾರ ಹಂಚಿಹೋಗಿದ್ದರೆ ಒಂದು ಬಾಗಿಲು ಮುಚ್ಚಿದಾಗ ತಟ್ಟಲಿಕ್ಕೆ ಇನ್ನೊಂದು ಬಾಗಿಲು ಉಂಟು. ಪರಿಚಯ ಇಲ್ಲದವನಿಗೆ ಇರುವ ಬಲ ಇದೊಂದೇ.

ಆದರೆ ಯಾವ ಬಾಗಿಲು ಎಂಬುದು ನಮಗೆ ಗೊತ್ತಿರಬೇಕು. ಪರ್ಮಿಟ್ ಕೊಡುವುದು, ಹಿಂದೆಗೆಯುವುದು ಎಂಟರ್‌ಪ್ರೈಸ್ ಇಲಾಖೆ, ಮಾಲಕ ಅಲ್ಲ. ವಾಸದ ಕಾರ್ಡ್ ಜಸ್ಟಿಸ್ ಇಲಾಖೆಯದ್ದು. ಸಂಬಳ, ರಜೆ, ಕೆಲಸದ ಗಂಟೆಯ ದೂರು ಹೋಗಬೇಕಾದ್ದು ವರ್ಕ್‌ಪ್ಲೇಸ್ ರಿಲೇಶನ್ಸ್ ಕಮಿಷನ್‌ಗೆ. ದೂರಿಗೆ ಶುಲ್ಕ ಇಲ್ಲ, ಆದರೆ ಆರು ತಿಂಗಳ ಗಡುವು ಉಂಟು. ಸರಿಯಾದ ಕಾರಣ ತೋರಿಸಿದರೆ ಮಾತ್ರ ಅದು ಹನ್ನೆರಡು ತಿಂಗಳವರೆಗೆ ಹೋಗಬಹುದು. ಅದಕ್ಕೇ ಪೇಸ್ಲಿಪ್, ಡ್ಯೂಟಿ ಪಟ್ಟಿಯ ಫೋಟೊ ಇಟ್ಟುಕೊಳ್ಳಿ. ಕಾನೂನೇ ತಪ್ಪಿದ್ದರೆ ನಿಮ್ಮ ಕ್ಷೇತ್ರದ ಟಿಡಿಗೆ, ಎಂದರೆ ಸಂಸತ್ ಸದಸ್ಯರಿಗೆ ಬರೆಯಿರಿ. ಮೊದಲ ಪರ್ಮಿಟ್‌ನಲ್ಲಿ ಒಂಬತ್ತು ತಿಂಗಳಾದ ಮೇಲೆ ಮಾಲಕನನ್ನು ಬದಲಿಸಬಹುದು ಎಂಬ ಈಗಿನ ನಿಯಮ 2024ರ ಕಾನೂನಿನಿಂದ ಬಂದದ್ದು, ಕೋರ್ಟಿನಿಂದಲ್ಲ. ಇನ್ನೊಂದು ಮಾತು: ಇಲ್ಲಿ ವಾಸವಿರುವ 18 ವರ್ಷ ತುಂಬಿದ ಯಾರಿಗೂ, ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ, ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಕೌನ್ಸಿಲರ್ ಪರ್ಮಿಟ್ ಕಾನೂನು ಮಾಡುವುದಿಲ್ಲ. ಆದರೆ ಮತಪಟ್ಟಿಯಲ್ಲಿ ಹೆಸರಿದ್ದವನ ಮಾತಿಗೆ ಪಕ್ಷದವರು ಕಿವಿ ಕೊಡುತ್ತಾರೆ.

ಆ ಹುಡುಗ ದೂರು ಕೊಟ್ಟಿದ್ದಾನೆ. ವಿಚಾರಣೆ ಇನ್ನೂ ಬಾಕಿ. ಹಣ ಸಿಗ್ತದಾ ಇಲ್ವಾ ಎಂದು ನಾನು ಭರವಸೆ ಕೊಡಲಾರೆ. ಆದರೆ ಅವನ ಪರ್ಮಿಟ್ ಅವನ ಹತ್ತಿರವೇ ಉಂಟು. ಮೊನ್ನೆ ಊರಿನಿಂದ ಅವನ ಉಮ್ಮ ಫೋನಿನಲ್ಲಿ ಕೇಳಿದರಂತೆ, "ಮಾಲಕನ ಜೊತೆ ಜಗಳ ಎಂತಕೆ ಮೋನೆ?" ಅವನು ಹೇಳಿದ್ದು ಇಷ್ಟೇ: "ಜಗಳ ಅಲ್ಲ ಉಮ್ಮ, ಲೆಕ್ಕ."